ಬೀಗರಿಗಿಂತ ಮೊದಲು ಉಂಡವಳು

ಹಾಲೇಶಪ್ಪ ಮೂವತ್ತೊಂದು ವರ್ಷ ಹತ್ತಿ ಮಿಲ್ಲಿನಲ್ಲಿ ಟೈಮ್‌ಕೀಪರ್ ಆಗಿದ್ದವನು. ಮಿಲ್ಲು ಮುಚ್ಚಿ, ಸೈರನ್ನು ತುಕ್ಕು ಹಿಡಿದು ಎಷ್ಟೋ ವರ್ಷವಾಗಿದ್ದರೂ ದಾವಣಗೆರೆಯ ಪಿ.ಜೆ. ಬಡಾವಣೆಯ ಅವನ ಮನೆಯಲ್ಲಿ ಪಾಳಿ ಇನ್ನೂ ನಡೆದೇ ಇತ್ತು. ಆ ಪಾಳಿಯಲ್ಲಿ ಉಳಿದಿದ್ದವಳು ಹೆಂಡತಿ ದ್ರಾಕ್ಷಾಯಣಮ್ಮ ಒಬ್ಬಳೇ. ಆಕೆಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ತೊಂಬತ್ತೆಂಟನೆಯ ಇಸವಿಯಲ್ಲಿ ಡಾಕ್ಟರು ಹಳೆಯ ಎರಡು ಗುಳಿಗೆ ಬಿಡಿಸಿ, ಎರಡೂ ಔಷಧಿ ಸೇರಿದ್ದ ಒಂದೇ ಗುಳಿಗೆ ಬರೆದುಕೊಟ್ಟರು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಊಟದ ಜೊತೆ ಎಂದರು. ಹಾಲೇಶಪ್ಪ ಎಂಟನ್ನು ಗಟ್ಟಿಯಾಗಿ ಹಿಡಿದುಕೊಂಡ, ಊಟವನ್ನು ಅಲ್ಲೇ ಬಿಟ್ಟು ಬಂದ. ದಿನವೂ ಎಂಟಕ್ಕೆ ಸರಿಯಾಗಿ ತಟ್ಟೆಯೂ ಬರುತ್ತಿದ್ದುದರಿಂದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಬಿದ್ದದ್ದು ಬಸುರಿ ಮಗಳು ಸುಧಾಳ ಕುಬಸದ ದಿನ. ಹರಿಹರದ ಬೀಗರು ಎಂಟಕ್ಕೇ ಬರುತ್ತೇವೆ ಎಂದಿದ್ದರು. ಎಂಟು ಹೊಡೆಯಿತು, ಬೀಗರಿಲ್ಲ. ಆದರೆ ಹಾಲೇಶಪ್ಪ ಬಿಡುವವನೇ? ಗುಳಿಗೆ, ನೀರು ಹಿಡಿದು ಹೆಂಡತಿಯ ಮುಂದೆ ನಿಂತ. ಆಕೆ ನುಂಗಿದಳು. ತಿಂಡಿಯನ್ನು ಮಾತ್ರ ಮುಟ್ಟಲಿಲ್ಲ. ಬಂದ ಬೀಗರು ಉಂಡು ಕೈ ತೊಳೆಯುವವರೆಗೆ ಮನೆಯ ಹಿರಿಯಳು ಬಾಯಿಗೆ ತುತ್ತಿಡುವುದು ಆ ಮನೆತನದಲ್ಲೇ ಇರಲಿಲ್ಲ.

ಬೀಗರು ಬಂದಾಗ ಹತ್ತು. ಬಸ್ಸು ಕೆಟ್ಟಿತ್ತಂತೆ. ದ್ರಾಕ್ಷಾಯಣಮ್ಮ ಮಗಳಿಗೆ ಅರಿಸಿನ ಹಚ್ಚಿ ಹಾಡು ಎತ್ತಿದಳು. ಓಣಿಯಲ್ಲೆಲ್ಲ ಆಕೆಯ ಹಾಡೇ ಹಾಡು. ಎರಡನೆಯ ನುಡಿಗೆ ದನಿ ನಿಂತಿತು. ಹಣೆಯ ಮೇಲೆ ಬೆವರು, ಕೈಯಲ್ಲಿ ನಡುಕ. ಆರತಿ ತಟ್ಟೆ ಕೆಳಗೆ ಬಿತ್ತು. ಪಕ್ಕದ ಮನೆಯ ಮಾಬೂಬೀ ಓಡಿಬಂದಳು. ಆಕೆಯ ಗಂಡನಿಗೂ ಇದೇ ಕಾಯಿಲೆ, ಲಕ್ಷಣ ನೋಡಿದ್ದಳು. ಲೋಟದ ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಕುಡಿಸಿದಳು. ಕಾಲು ಗಂಟೆಯಲ್ಲಿ ದ್ರಾಕ್ಷಾಯಣಮ್ಮ ಚೇತರಿಸಿಕೊಂಡು ತಿಂಡಿ ತಿಂದಳು. ಹಾಡು ಮಾತ್ರ ಅರ್ಧಕ್ಕೇ ಉಳಿಯಿತು.

ಮರುದಿನ ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಗಡಿಯಾರ ನೋಡಿ ಗುಳಿಗೆ ಕೊಡಬ್ಯಾಡ್ರಿ ಯಜಮಾನ್ರೇ, ತಟ್ಟೆ ನೋಡಿ ಕೊಡ್ರಿ. ಒಳಗೆ ಹೋದ ಮ್ಯಾಲೆ ಅದು ಸಕ್ಕರೆ ಇಳಿಸ್ತಾನೇ ಇರ್ತೈತೆ, ಉಂಡೀರೋ ಇಲ್ಲೋ ಅಂತ ಕೇಳಂಗಿಲ್ಲ. ಆ ಹೊತ್ತು ಊಟ ಇಲ್ಲಾಂದ್ರೆ ಗುಳಿಗೇನೂ ಇಲ್ಲ. ತಪ್ಪಿದ್ದಕ್ಕೆ ಮುಂದಿನ ಹೊತ್ತು ಎರಡು ನುಂಗಿಸಬ್ಯಾಡ್ರಿ. ಹಳೇ ಗುಳಿಗೆ ಮನೇಲಿ ಉಳಿದಿದ್ರೆ ಸೇರಿಸಬ್ಯಾಡ್ರಿ, ಅವೆರಡೂ ಇದರೊಳಗೇ ಅದಾವ."

ತನ್ನ ಕೈಯಾರೆ ಕೊಟ್ಟ ಗುಳಿಗೆಯಿಂದಲೇ ಹೀಗಾಯಿತಲ್ಲ ಎಂದುಕೊಂಡ ಹಾಲೇಶಪ್ಪ. ಬರುವಾಗ ಆಟೋದಲ್ಲಿ ಹೆಂಡತಿಯ ಕೈ ಹಿಡಿದುಕೊಂಡೇ ಬಂದ. ಮದುವೆಯಾದ ಮೇಲೆ ಬೀದಿಯಲ್ಲಿ ಅದೇ ಮೊದಲು. ಆಕೆಗೆ ನಾಚಿಕೆಯೋ ನಾಚಿಕೆ.

ಸುಧಾ ಹೆಣ್ಣುಮಗು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನವೂ ಬಂತು. ಮಗುವನ್ನು ಎತ್ತಿ ತೊಟ್ಟಿಲಲ್ಲಿ ಮಲಗಿಸಿ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅಜ್ಜಿ. ಬೆಳಿಗ್ಗೆ ಎಂಟಾಯಿತು, ಹರಿಹರದವರ ಸುಳಿವಿಲ್ಲ. ಹಾಲೇಶಪ್ಪ ಈ ಸಲ ತಟ್ಟೆಯಲ್ಲಿ ಉಪ್ಪಿಟ್ಟು ಹಾಕಿಕೊಂಡು ಬಂದ. ಗುಳಿಗೆ ಜೇಬಿನಲ್ಲೇ ಇತ್ತು.

"ಬೀಗರು ಉಣ್ಣದೆ ನಾನು ಉಂಡ್ರೆ ಹರಿಹರದಾಗೆ ನಮ್ಮ ಮಾನ ಉಳೀತೈತೇನು? ಇವತ್ತೊಂದಿನ ಊಟಾನೂ ಬ್ಯಾಡ, ಗುಳಿಗೇನೂ ಬ್ಯಾಡ" ಎಂದಳು ದ್ರಾಕ್ಷಾಯಣಮ್ಮ.

ಒಳಗಿನಿಂದ ಸುಧಾ ಮಗುವನ್ನು ಎದೆಗವಚಿಕೊಂಡೇ ಬಂದಳು. "ಅವ್ವಾ, ಆವತ್ತು ನಿನ್ನ ಕೈಯಿಂದ ಬಿದ್ದಿದ್ದು ಆರತಿ ತಟ್ಟೆ. ನೀನು ಉಣ್ಣದಿದ್ರೆ ಮಗೂನ ನಿನ್ನ ಕೈಗೆ ಕೊಡಂಗಿಲ್ಲ."

ದ್ರಾಕ್ಷಾಯಣಮ್ಮನ ಮುಖ ಸಣ್ಣದಾಯಿತು. ಆದರೂ ತಟ್ಟೆಗೆ ಕೈ ಚಾಚಲಿಲ್ಲ. ಒಂದು ಕಡೆ ಮೊಮ್ಮಗಳು, ಒಂದು ಕಡೆ ಮಾನ. ಕಣ್ಣಲ್ಲಿ ನೀರು ತುಂಬಿಕೊಂಡು ಕೂತಳು. ನೋಡಲಾಗದೆ ಹಾಲೇಶಪ್ಪ ಹರಿಹರಕ್ಕೆ ಫೋನು ತಿರುಗಿಸಿದ. ಎತ್ತಿದವಳು ಬೀಗಿತ್ತಿ ಮರುಳಸಿದ್ದಮ್ಮ.

"ಹೊರಟ್ರೇನು?" ಎಂದ.

ಆ ಕಡೆಯಿಂದ ಏನೋ ಅಗಿಯುವ ಸದ್ದು. "ತಡೀರಿ, ಬಾಯಾಗೆ ರೊಟ್ಟಿ ಐತೆ."

ಇಲ್ಲಿ ಉಪ್ಪಿಟ್ಟು ಆರುತ್ತಿದೆ, ಅಲ್ಲಿ ರೊಟ್ಟಿ. ಹಾಲೇಶಪ್ಪನಿಗೆ ಸಿಟ್ಟು ನೆತ್ತಿಗೇರಿತು. ಹೆಂಡತಿಯ ಕಾಯಿಲೆ, ಗುಳಿಗೆ, ಹಟ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ.

"ನಂಗೂ ಅದೇ ಕಾಯಿಲೆ ರೀ" ಎಂದಳು ಮರುಳಸಿದ್ದಮ್ಮ ಮೆಲ್ಲಗೆ. "ಮೂರು ವರ್ಷ ಆತು. ಬೀಗರ ಮುಂದೆ ಹೇಳಾಕೆ ನಾಚಿಕೆ. ನಿಮ್ಮನೇಲಿ ಊಟ ಎಷ್ಟೊತ್ತಿಗೋ ಏನೋ ಅಂತ ಉಂಡು, ಗುಳಿಗೆ ತಗಂಡೇ ಹೊರಡ್ತೀನಿ. ಕುಬಸದ ದಿನ ಬಸ್ಸು ಕೆಟ್ಟಿರಲಿಲ್ಲ. ರೊಟ್ಟಿ ಬಡಿಯೋದು ತಡ ಆಗಿತ್ತು. ಫೋನು ಆಕಿ ಕೈಗೆ ಕೊಡ್ರಿ."

ದ್ರಾಕ್ಷಾಯಣಮ್ಮ ಫೋನು ಕಿವಿಗಿಟ್ಟುಕೊಂಡಳು. ಬೀಗಿತ್ತಿಯ ದನಿ ಹಾಲೇಶಪ್ಪನಿಗೂ ಕೇಳುವಷ್ಟು ಜೋರಾಗಿತ್ತು.

"ನೋಡ್ರಿ, ನಾನು ಇಲ್ಲಿ ಎರಡು ರೊಟ್ಟಿ ಉಂಡು ಕೈ ತೊಳದೀನಿ. ಬೀಗರ ಊಟ ಆದಂಗಾತು. ಇನ್ನು ನೀವು ಕೂಡ್ರಿ."

ದ್ರಾಕ್ಷಾಯಣಮ್ಮ ಮೊದಲು ಕಣ್ಣು ಒರೆಸಿಕೊಂಡಳು, ಆಮೇಲೆ ನಕ್ಕಳು, ನಗುತ್ತಲೇ ತಟ್ಟೆ ಎಳೆದುಕೊಂಡಳು. ಎರಡು ತುತ್ತು ಹೋದ ಮೇಲೆ ಹಾಲೇಶಪ್ಪ ಜೇಬಿನಿಂದ ಗುಳಿಗೆ ತೆಗೆದುಕೊಟ್ಟ. ನುಂಗಿ, ತಟ್ಟೆ ಖಾಲಿ ಮಾಡಿ, ಇನ್ನೊಂದು ಸೌಟು ಹಾಕಿಸಿಕೊಂಡಳು.

ಬೀಗರು ಬಂದದ್ದು ಹತ್ತೂವರೆಗೆ. ಈ ಸಲ ಯಾರೂ ಬಸ್ಸಿನ ಸುದ್ದಿ ಎತ್ತಲಿಲ್ಲ. ಇಬ್ಬರು ಬೀಗಿತ್ತಿಯರೂ ಒಬ್ಬರನ್ನೊಬ್ಬರು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕರು. ಮಧ್ಯಾಹ್ನದ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಅಕ್ಕಪಕ್ಕ ಕೂರುವುದೆಂದು ಅಲ್ಲೇ ತೀರ್ಮಾನವಾಯಿತು.

ಸುಧಾ ಮಗುವನ್ನು ಅವ್ವನ ಕೈಗಿತ್ತಳು. ದ್ರಾಕ್ಷಾಯಣಮ್ಮ ಅದನ್ನು ತೊಟ್ಟಿಲಲ್ಲಿ ಮಲಗಿಸಿ, ಪುಟ್ಟ ಕಿವಿಗೆ ಬಾಯಿಟ್ಟು 'ಕೃತಿಕಾ' ಎಂದಳು. ಆಮೇಲೆ ಹಾಡು ಎತ್ತಿದಳು. ಎರಡನೆಯ ನುಡಿ ಬಂದಾಗ ಹಾಲೇಶಪ್ಪ ಆಕೆಯ ಕೈಗಳನ್ನೇ ನೋಡಿದ. ತೊಟ್ಟಿಲ ಹಗ್ಗ ಹಿಡಿದಿದ್ದ ಕೈ ನಡುಗಲಿಲ್ಲ. ಹಾಡು ಮೂರನೆಯ ನುಡಿಗೆ ಹೋಯಿತು, ನಾಲ್ಕಕ್ಕೂ ಹೋಯಿತು. ಅದು ಎಷ್ಟು ಹೊತ್ತು ನಡೆಯಿತೋ ಹಾಲೇಶಪ್ಪನಿಗೆ ಗೊತ್ತಿಲ್ಲ, ಗಡಿಯಾರ ನೋಡುವುದನ್ನು ಮರೆತಿದ್ದ.