ಹುಣಸೆಹಣ್ಣಿನ ಸಾಲು

ಸಗರದಾಚೆಯ ಆ ಸಣ್ಣ ಪ್ರಾಥಮಿಕ ಶಾಲೆಯಲ್ಲಿ ಸಂಗೀತದ ಮಾಸ್ತರು ಎಂದೂ ಇರಲಿಲ್ಲ. ಗಣಿತ ಕಲಿಸುವ ಮಹಾನಂದಾ ಟೀಚರ ಕಂಠ ಚೆನ್ನಾಗಿತ್ತು, ಅದೇ ಆಕೆಗೆ ಮುಳುವಾಯಿತು. ಶಹಾಪುರದಲ್ಲಿ ಮಕ್ಕಳ ಹಾಡಿನ ಸ್ಪರ್ಧೆ ಇದೆಯೆಂದು ಗೊತ್ತಾದ ದಿನವೇ ಹೆಡ್‌ಮಾಸ್ತರ ಹಂಪಣ್ಣನವರು ಹಾಡು ಕಲಿಸುವ ಕೆಲಸವನ್ನು ಆಕೆಯ ತಲೆಗೆ ಕಟ್ಟಿದರು.

ಮಹಾನಂದಾ ತಾನೇ ಒಂದು ಹಾಡು ಕಟ್ಟಿದಳು. ಜೋಳದ ಹೊಲಕ್ಕೆ ಬಂದು ಕೂರುವ ಗಿಳಿಗಳ ಹಾಡು. ಇನ್ನೇನು ಕಲಿಸಬೇಕು ಅನ್ನುವಷ್ಟರಲ್ಲಿ, ಒಂದು ವಾರ ಯಾದಗಿರಿಗೆ ತರಬೇತಿಗೆ ಬರಬೇಕೆಂದು ಆದೇಶ ಬಂತು.

"ಸರ್, ನಾ ಹಾಡಿ ಮೊಬೈಲ್‌ನಾಗ ಕಳಸ್ತೀನ್ರಿ. ದಿನಾ ಹುಡುಗ್ರಿಗೆ ಕೇಳಸ್ರಿ," ಎಂದಳು.

"ಕಳಸ್ರಿ. ನೀವು ಹ್ಯಾಂಗ ಹಾಡೀರಿ, ಬರೋಬ್ಬರಿ ಹಂಗೇ ಬರಬೇಕು. ಒಂದು ಅಕ್ಷರ ಆಕಡಿ ಈಕಡಿ ಆಗಲ್ಲ. ಅದು ನನ್ನ ಜಿಮ್ಮೇದಾರಿ."

ಹಂಪಣ್ಣನವರಿಗೆ ಹಾಡು ಯಾವುದು, ಬಸ್ಸಿನ ಹಾರ್ನ್ ಯಾವುದು ಎಂದು ತಿಳಿಯುವುದೇ ಕಷ್ಟ. ಆದರೆ ಮಾತು ಕೊಟ್ಟರೆ ಕೊಟ್ಟರು.

ಶಹಾಪುರದ ಮನೆಯಲ್ಲಿ ಮಹಾನಂದಾ ಮರುದಿನ ಬೆಳಿಗ್ಗೆ ಅಡುಗೆ ಮಾಡುತ್ತಲೇ ಹಾಡಿದಳು. ಹಾಡಿದ್ದನ್ನು ಮತ್ತೊಮ್ಮೆ ಕೇಳಲೂ ಪುರಸೊತ್ತಿಲ್ಲದೆ ಕಳಿಸಿ, ಯಾದಗಿರಿ ಬಸ್ ಹಿಡಿದಳು.

ತರಬೇತಿ ಮುಗಿದು, ಸ್ಪರ್ಧೆಯ ದಿನ ಬೆಳಿಗ್ಗೆ ಶಾಲೆಗೆ ಹೋಗಿ, ಮಕ್ಕಳನ್ನೂ ಹಂಪಣ್ಣನವರನ್ನೂ ಟಂಟಂ ಆಟೋದಲ್ಲಿ ತುಂಬಿಕೊಂಡು ಶಹಾಪುರದ ಹಾದಿ ಹಿಡಿದಳು. "ಎಲ್ಲಿ, ಒಮ್ಮೆ ಹಾಡ್ರಿ ನೋಡೂಣು," ಎಂದಳು.

ಮಕ್ಕಳು ಒಂದೇ ದನಿಯಲ್ಲಿ ಶುರು ಮಾಡಿದರು. "ಹಲೋ, ಹಲೋ, ಕೇಳಸಾಕತ್ತದೇನು?"

ಮಹಾನಂದಾ ನಕ್ಕಳು. ಮಕ್ಕಳು ನಗಲಿಲ್ಲ.

"ಜ್ವಾಳದ ತೆನಿ ಮ್ಯಾಲ ಕುಂತ ಗಿಳಿಯಣ್ಣ, ನಮಗೂ ಒಂದಿಷ್ಟು ಉಳಸಣ್ಣ..." ಎಂದು ಹಾಡಿ ನಿಲ್ಲಿಸಿದರು. ಮುಂದೆ ಕೂತಿದ್ದ ಪಂಚಶೀಲಾ ಕೆನ್ನೆ ಉಬ್ಬಿಸಿ, "ಸ್‌ಸ್‌ಸೂಂಯ್!" ಎಂದು ಕುಕ್ಕರಿನ ಸೀಟಿ ಹೊಡೆದಳು. ಕೂಡಲೇ ಕಾಂತೇಶ ಎದೆಯುಬ್ಬಿಸಿ, ಮುದುಕಿಯ ದನಿಯಲ್ಲಿ ಗದರಿದ: "ಮಹಾನಂದಾ! ಹುಣಸಿಹಣ್ಣು ಎಲ್ಲಿಟ್ಟಿಯವಾ?" ಉಳಿದವರೆಲ್ಲ ರಾಗವಾಗಿ ಉತ್ತರ ಕೊಟ್ಟರು: "ಮ್ಯಾಲಿನ ಕಪಾಟಿನಾಗ ಅದರೀ ಅತ್ತೀ..." ಆಮೇಲೆ ಎಲ್ಲರೂ ಒಟ್ಟಿಗೆ ಸೀನಿದರು.

ಆ ಸೀನು ಅವತ್ತು ಹಾಡುವಾಗ ಒಗ್ಗರಣೆಯ ಖಾರಕ್ಕೆ ತನಗೆ ಬಂದದ್ದು. ಮಹಾನಂದಾಳಿಗೆ ಎಲ್ಲ ನೆನಪಾಯಿತು.

"ಸರ್! ಇದೆಲ್ಲ ಹಾಡಲ್ರಿ! ನಮ್ಮತ್ತಿ ಮಾತಾಡಿದ್ದು!"

ಹಂಪಣ್ಣನವರ ಮುಖ ಸಣ್ಣದಾಯಿತು. "ನನಗೇನು ಗೊತ್ತಾಗಬೇಕ್ರಿ? ಸೀನೋದು ಏನೋ ಶಾಸ್ತ್ರೀಯ ಇರಬೇಕಂತ ಮಾಡಿದ್ನಿ. ಬರೋಬ್ಬರಿ ಕೂಡಿ ಸೀನಸಾಕ ನನಗ ಎರಡು ದಿನ ಹಿಡದದ."

"ಮಕ್ಕಳ್ರ್ಯಾ, ಸೀಟಿ ಬಿಡ್ರಿ, ಹುಣಸಿಹಣ್ಣು ಬಿಡ್ರಿ. ಬರೇ ಗಿಳಿ ಹಾಡ್ರಿ," ಎಂದಳು ಮಹಾನಂದಾ.

ಹಾಡಿದರು. ಸೀಟಿ ಇಲ್ಲದೆ ಮುಂದಿನ ಸಾಲು ಯಾವಾಗ ಎತ್ತಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬರು ಗಿಳಿಯಲ್ಲಿದ್ದರೆ ಇನ್ನೊಬ್ಬರು ತೆನೆಯಲ್ಲಿ. ಸೀನಬಾರದೆಂದು ಮೂಗು ಹಿಡಿದವರು ಹಾಡುವುದನ್ನೂ ಬಿಟ್ಟರು. ಕಾಂತೇಶ ಅಳಲು ಶುರುಮಾಡಿದ. "ನನಗಿರೂದು ಅದೊಂದೇ ಸಾಲು ರೀ ಟೀಚರ್..."

ಶಹಾಪುರದ ಗುಡ್ಡ ಕಾಣಿಸಿತು. ಮಹಾನಂದಾ ಕಾಂತೇಶನ ಕಣ್ಣೊರೆಸಿ, "ಆಗಲಿ, ಕಲ್ತಂಗೇ ಹಾಡ್ರಿ. ಆದದ್ದಾಗಲಿ," ಎಂದುಬಿಟ್ಟಳು.

ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ಓಣಿಯ ಹೆಂಗಸರ ನಡುವೆ ಅತ್ತೆ ಬಸ್ಸಮ್ಮ ಕೂತಿದ್ದಳು. ಸೊಸೆ ಹಾಡು ಕಟ್ಟಿದ್ದಾಳೆಂದು ಎಲ್ಲರನ್ನೂ ಕರೆದುಕೊಂಡು ಬಂದಿದ್ದಳು. ಅವಳನ್ನು ಕಂಡದ್ದೇ ಮಹಾನಂದಾ ಮಕ್ಕಳನ್ನು ತಡೆಯಲು ವೇದಿಕೆಯತ್ತ ಓಡಿದಳು. ಅಷ್ಟರಲ್ಲಿ ಮಕ್ಕಳು "ಹಲೋ, ಹಲೋ" ಎಂದಾಗಿತ್ತು.

ಪಂಚಶೀಲಾಳ ಸೀಟಿಗೆ ಜನ ಬಿದ್ದು ಬಿದ್ದು ನಕ್ಕರು. ಕಾಂತೇಶ ಸೊಂಟಕ್ಕೆ ಕೈಯಿಟ್ಟು ಹುಣಸೆಹಣ್ಣು ಕೇಳಿದ. "ಮ್ಯಾಲಿನ ಕಪಾಟಿನಾಗ ಅದರೀ ಅತ್ತೀ..." ಎಂದು ಮಕ್ಕಳು ರಾಗ ಎಳೆದರು.

ಬಸ್ಸಮ್ಮ ಎದ್ದು ನಿಂತಳು. "ಎಲ್ಲದ? ಅಲ್ಲಿ ಇಲ್ಲೇ ಇಲ್ಲ! ಅವತ್ತು ಹುಡುಕಿ ಹುಡುಕಿ ಸಾಕಾಗಿ ನಿಂಬಿಹಣ್ಣು ಹಿಂಡೀನಿ!"

ಮಕ್ಕಳು ಕಂಗಾಲಾದರು. ಅಭ್ಯಾಸದಲ್ಲಿ ನಡುವೆ ಯಾರಾದರೂ ಮಾತಾಡಿದರೆ ಹಂಪಣ್ಣನವರು ಆ ಸಾಲನ್ನು ಮತ್ತೆ ಹಾಡಿಸುತ್ತಿದ್ದರು. ಅದೇ ರೂಢಿಯಲ್ಲಿ ಮಕ್ಕಳು ಇನ್ನಷ್ಟು ಗಟ್ಟಿಯಾಗಿ ಹಾಡಿದರು: "ಮ್ಯಾಲಿನ ಕಪಾಟಿನಾಗ ಅದರೀ ಅತ್ತೀ..."

"ಇಲ್ಲ ಅಂದ್ನೆಲ್ಲ!"

"ಅದರೀ ಅತ್ತೀ..."

"ಖೊಟ್ಟಿ ಮಾತು!"

ಓಣಿಯ ಹೆಂಗಸರು ಸೆರಗು ಎಳೆದು ಅವಳನ್ನು ಕೂರಿಸಿದರು. ಮಕ್ಕಳು ಒಟ್ಟಿಗೆ ಸೀನಿ, ಗಿಳಿಯನ್ನು ಹೊಲದಿಂದ ಓಡಿಸಿ, ಹಾಡು ಮುಗಿಸಿದರು.

ತೀರ್ಪುಗಾರ ಬಾಷುಮಿಯಾ ಮಾಸ್ತರು ಹಾರ್ಮೋನಿಯಂ ನುಡಿಸುತ್ತಲೇ ಮುದುಕರಾದವರು. ಅಷ್ಟೂ ಹೊತ್ತು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದ್ದರು. ಮೈಕ್ ಹಿಡಿದು, "ಈ ಹುಡುಗ್ರಿಗೆ ಎರಡನೇ ಬಹುಮಾನ," ಎಂದರು. "ಸೀಟಿ ಸುದ್ದಾ ಶ್ರುತಿಗೆ ಕೂಡ್ಯದ. ಇಷ್ಟು ಮಂದಿ ಒಂದೇ ತಾಳಕ್ಕ ಸೀನೂದು ನಾ ಎಲ್ಲೂ ನೋಡಿಲ್ರಿ. ಆದ್ರ ಆ ಮೂರನೇ ಸಾಲಿನ ಅಮ್ಮಾರು ತಾಳ ತಪ್ಪಿದ್ರು. ಇಲ್ಲಾಂದ್ರ ಮೊದಲನೇದೇ ಬರತಿತ್ತು."

ಸಂಜೆ ಮನೆಯಲ್ಲಿ ಮಹಾನಂದಾ ಹೆದರುತ್ತ ಚಹಾ ಕೊಟ್ಟಳು. ಬಸ್ಸಮ್ಮ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದು ಮುಗಿಸಿ ಕೇಳಿದಳು, "ನನ್ನಂಗ ಮಾತಾಡಿದ ಆ ಹುಡುಗ ಯಾರು?"

"ಕಾಂತೇಶ ಅಂತರೀ ಅತ್ತಿ. ತಪ್ಪಾತ್ರಿ."

"ತಪ್ಪಾಗ್ಯದ ಮತ್ತ! ನಾ ಹಂಗ ಒದರತೀನೇನು? ನಾಳೆ ನಾನೇ ಬರ್ತೀನಿ, ಅವನಿಗೆ ಹೇಳಿಕೊಡ್ತೀನಿ."

ಮರುದಿನ ಖರೇನೇ ಶಾಲೆಗೆ ಬಂದಳು. ಇಡೀ ಮಧ್ಯಾಹ್ನ ಕಾಂತೇಶನಿಗೆ ಮೆತ್ತಗೆ ಕೇಳುವುದನ್ನು ಕಲಿಸಿದಳು. ಅವನು ಮೆತ್ತಗೆ ಕೇಳಿದಷ್ಟೂ ಇವಳೇ ಒದರುತ್ತಿದ್ದಳು. ಆಮೇಲೆ ಮಕ್ಕಳು ಸುತ್ತ ಕೂತು, ಇನ್ನೇನು ಬರುತ್ತದೆ ಅಜ್ಜಿ ಎಂದು ಕೇಳಿದಾಗ ಬೀಸುಕಲ್ಲಿನ ಪದ ಹಾಡತೊಡಗಿದಳು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತ ಹಂಪಣ್ಣನವರು ಮೊಬೈಲ್ ಹೊರತೆಗೆದು ರೆಕಾರ್ಡಿಂಗ್ ಒತ್ತಲು ಹೋದರು. ಮಹಾನಂದಾ ಓಡಿ ಬಂದು ಅದನ್ನು ಕಸಿದುಕೊಂಡಳು.