ಅಂಗಡಿ ರೊಟ್ಟಿ

ಸೆಟೆದ ತೋಳಿನಿಂದ ರವಿಕೆ ಕಳಚಿ ಬರಲಿಲ್ಲ. ನೆರೆಮನೆಯ ಬಾಗಿ ಕತ್ತರಿ ಕೇಳಿದಳು. ಸರಸ ತಂದುಕೊಟ್ಟು, ಅತ್ತೆಯ ಬಲಗೈಯನ್ನು ಎತ್ತಿ ಹಿಡಿದಳು. ಹಿತ್ತಿಲ ಜಗಲಿಗೆ ಎರಡು ಸೀರೆ ಅಡ್ಡ ಕಟ್ಟಿ, ಬಾಳೆಯೆಲೆಯ ಮೇಲೆ ಅಮ್ಮಣ್ಣಿಯನ್ನು ಮಲಗಿಸಿದ್ದರು. ಎರಡು ದಿನದ ಜ್ವರಕ್ಕೆ ಮುದುಕಿ ಬೆಳಗಿನ ಜಾವ ಹೋಗಿದ್ದಳು. ಹೆಣ ಮೀಯಿಸುವ ಕೆಲಸ ಇವರಿಬ್ಬರ ಪಾಲಿಗೆ ಬಂದಿತ್ತು. ಬಾಗಿ ಸತ್ತವಳ ಓರಗೆಯವಳು. ಸರಸ ಒಬ್ಬಳೇ ಸೊಸೆ. ಆಚೆ ತೋಟದಲ್ಲಿ ಗಂಡಸರು ಮಾವಿನ ಮರ ಕಡಿಯುವ ಸದ್ದು ಕೇಳುತ್ತಿತ್ತು.

ಕತ್ತರಿ ಮೊಣಕೈ ದಾಟಿ ಭುಜದವರೆಗೆ ಹೋಯಿತು. ಬಟ್ಟೆ ಎರಡಾಗಿ ಜಾರಿತು. ಸರಸಳ ಕೈ ಅಲ್ಲೇ ನಿಂತಿತು.

ತೋಳಿನ ತುಂಬ ಬರೆಗಳಿದ್ದವು. ಹಳೆಯವು, ಬಿಳಿಚಿಕೊಂಡು ಸುಕ್ಕಿನೊಳಗೆ ಇಳಿದುಹೋದವು. ಒಂದೊಂದೂ ಬೆರಳುದ್ದ, ಒಂದು ತುದಿ ಕೊಂಚ ಬಾಗಿದ್ದು. ಅತ್ತೆಯ ಅಂಗೈಯಲ್ಲಿದ್ದ ಸುಟ್ಟ ಕಲೆ ಹೇಗಾಯಿತೆಂದು ಸರಸಳಿಗೆ ಗೊತ್ತಿತ್ತು. ತೋಳಿನವನ್ನು ಮಾತ್ರ ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ಕಂಡಿರಲಿಲ್ಲ. ಎಂಥ ಸೆಕೆಯಲ್ಲೂ ಅತ್ತೆ ಮೊಣಕೈ ಮುಚ್ಚುವ ರವಿಕೆಯನ್ನೇ ತೊಡುತ್ತಿದ್ದಳು. ಆದರೆ ಆ ಆಕಾರ ಯಾವುದರದ್ದೆಂದು ಕೇಳಬೇಕಾಗಿರಲಿಲ್ಲ. ರೊಟ್ಟಿ ಎಬ್ಬಿಸುವ ಕಬ್ಬಿಣದ ಸಟ್ಟುಗದ ಅಂಚು. ಸರಸಳ ಎಡಗೈಯ ಮೇಲೂ ಅಂಥವೇ ಆರು ಇದ್ದವು.

"ಇದ್ ಯಾರ್ ಹಾಕದ್?" ಎಂದಳು.

ಬಾಗಿ ನೀರು ಹೊಯ್ಯುವುದನ್ನು ನಿಲ್ಲಿಸಲಿಲ್ಲ. "ಅವ್ಳ ಅತ್ತೆ. ಹದಿಮೂರ್ ವರ್ಷಕ್ಕೆ ಬಂದದ್ ಅವ್ಳ್, ಈ ಮನಿಗೆ. ರೊಟ್ಟಿ ಹರದ್ರೆ ಒಂದ್ ಬರೆ. ನಿಂಗ್ ಹೇಳಿರ್ಲಿಲ್ಯಾ?"

ಸರಸ ಇಲ್ಲವೆಂದು ತಲೆಯಾಡಿಸಿದಳು. ಆ ತೋಳನ್ನು ಅವಳೇ ಉಜ್ಜಿ ತೊಳೆದಳು.

* * *

ಸರಸ ಬೈಂದೂರಿನಿಂದ ಮದುವೆಯಾಗಿ ಬಂದದ್ದು ಐವತ್ತೇಳನೆಯ ಇಸವಿಯಲ್ಲಿ. ಬ್ರಹ್ಮಾವರದಿಂದ ಎರಡು ಮೈಲಿ ಒಳಗಿನ ಈ ಮನೆಯಲ್ಲಿ ಕೋಳಿ ಕೊಯ್ದ ದಿನ ರೊಟ್ಟಿಯೇ ಆಗಬೇಕು. ಆ ರೊಟ್ಟಿ ಸುಲಭಕ್ಕೆ ಒಲಿಯುವಂಥದ್ದಲ್ಲ. ಕುಚ್ಚಲಕ್ಕಿಯ ಹಿಟ್ಟು ಬೆಣ್ಣೆಯಷ್ಟು ನುಣುಪಾಗಬೇಕು. ಕಾದ ಕಾವಲಿಯ ಮೇಲೆ ಅದನ್ನು ಕಾಗದದಷ್ಟು ತೆಳ್ಳಗೆ ಎಳೆಯಬೇಕು. ಇಡೀ ಹಾಳೆ ಹರಿಯದೆ ಎದ್ದು ಬರಬೇಕು, ಮುರಿದರೆ ಹಪ್ಪಳದ ಹಾಗೆ ಸದ್ದಾಗಬೇಕು. ಬೆಂಕಿ ಒಂದು ಕೊಳ್ಳಿ ಹೆಚ್ಚಾದರೆ ತೂತು ಬೀಳುತ್ತದೆ, ಒಂದು ಕೊಳ್ಳಿ ಕಡಿಮೆಯಾದರೆ ಚಕ್ಕಳವಾಗುತ್ತದೆ.

ಮೊದಲ ಸಲ ಸರಸ ಎಳೆದ ಮೂರೂ ಹರಿದವು. ಅತ್ತೆ ಬೈಯಲಿಲ್ಲ. ಕಾವಲಿಯ ಮೇಲಿದ್ದ ಸಟ್ಟುಗ ತೆಗೆದು, ಸೊಸೆಯ ಮಣಿಕಟ್ಟು ಹಿಡಿದು, ಎಡಗೈಗೆ ಒತ್ತಿದಳು.

"ಇನ್ ಮರೀತಿಲ್ಲೆ," ಎಂದಳು, ಮಗ್ಗಿ ಹೇಳಿಕೊಡುವವಳ ದನಿಯಲ್ಲಿ.

ಚರ್ಮ ಸುಟ್ಟ ವಾಸನೆಗೆ ಸರಸ ಅಡುಗೆಮನೆಯಲ್ಲೇ ವಾಂತಿ ಮಾಡಿದಳು. ಗಂಡ ಉಮಾನಾಥ ಜಗಲಿಯಲ್ಲಿದ್ದ. ಅವಳು ಕಿರುಚಿದ್ದು ಕೇಳಿರಲೇಬೇಕು, ಎದ್ದು ಬರಲಿಲ್ಲ. ಊಟಕ್ಕೆ ಕೂತಾಗ ಹರಿದ ರೊಟ್ಟಿ ಕಂಡು ಬಟ್ಟಲನ್ನು ಗೋಡೆಗೆ ಅಪ್ಪಳಿಸಿದ. ಕೋಳಿಸಾರು ಅವಳ ಮುಖದ ಮೇಲೆಲ್ಲ ಹಾರಿತು.

ಆರನೆಯ ಬರೆಯ ಹೊತ್ತಿಗೆ ರೊಟ್ಟಿ ಒಲಿಯಿತು. ಅತ್ತೆಯ ಕೈಗುಣ ಸೊಸೆಗೂ ಬಂತೆಂದು ನೆಂಟರು ಹೊಗಳಿದರು.

* * *

ಮಧ್ಯಾಹ್ನದ ಹೊತ್ತಿಗೆ ಗದ್ದೆಯಂಚಿನಲ್ಲಿ ಚಿತೆ ಹೊತ್ತಿಕೊಂಡಿತು. ಸಾವಿನ ಮನೆಯಲ್ಲಿ ಒಲೆ ಉರಿಸುವಂತಿಲ್ಲ, ಬಾಗಿಯ ಮನೆಯಿಂದ ಗಂಜಿ ಬಂತು. ಮಿಂದು ಬಂದ ನೆಂಟರು ಅಂಗಳದ ಚಪ್ಪರದಡಿ ಸಾಲಾಗಿ ಕೂತರು. ಮಾತು ಅಮ್ಮಣ್ಣಿಯ ರೊಟ್ಟಿಯ ಕಡೆಗೆ ಹೊರಳಿತು. ಅಂಥ ರೊಟ್ಟಿ ಇನ್ನು ಈ ಸೀಮೆಯಲ್ಲಿ ಇಲ್ಲವೆಂದು ಒಬ್ಬರು ಅಂದರೆ, ಹೋದ ತಿಂಗಳಷ್ಟೇ ತಿಂದೆ, ಈ ಪ್ರಾಯದಲ್ಲೂ ಕೈ ಸೋತಿರಲಿಲ್ಲವೆಂದು ಇನ್ನೊಬ್ಬರು ಹೇಳಿದರು.

ಅಮ್ಮಣ್ಣಿಯ ಮಗಳು ಗಿರಿಜಾ ಸಿದ್ದಾಪುರದಿಂದ ಬಂದಿದ್ದಳು. ಉತ್ತರಕ್ರಿಯೆಯ ಬೊಜ್ಜದ ದಿನ ಹೆತ್ತ ಅಬ್ಬಿಯ ಎಡೆಗೆ ಮನೆಯ ರೊಟ್ಟಿಯೇ ಬೀಳಬೇಕು, ಅದನ್ನು ಮೊಮ್ಮಗಳು, ಸರಸಳ ಮಗಳು ಹರಿಣಾಕ್ಷಿಯೇ ಎಳೆಯಲಿ, ಹನ್ನೆರಡು ತುಂಬಿತಲ್ಲ ಎಂದಳು. ಹಿರಿಯರು ಹೌದೆಂದರು. ಸರಸಳನ್ನು ಯಾರೂ ಕೇಳಲಿಲ್ಲ.

ಗಂಜಿಗೆ ಉಪ್ಪಿನಕಾಯಿ ತರಲು ಒಳಗೆ ಹೋದ ಗಿರಿಜಾ ಒಂದು ತಗಡಿನ ಡಬ್ಬಿ ಹಿಡಿದು ಬಂದಳು. ಒಳಗೆ ನಾಲ್ಕು ಪ್ಯಾಕೆಟ್ ರೊಟ್ಟಿಯಿತ್ತು, ಬ್ರಹ್ಮಾವರದ ಅಂಗಡಿಯದ್ದು. ಹೊದಿಕೆಯ ಮೇಲೆ ಕೆಂಪು ಬಣ್ಣದಲ್ಲಿ ಕೋಳಿಯ ಚಿತ್ರ.

"ಅಬ್ಬಿಗೆ ಇದನ್ ತಿನ್ಸ್ತಿದ್ಯಾ ಸರಸ?" ಎಂದು ಎಲ್ಲರೆದುರು ಕೇಳಿದಳು.

ಉಮಾನಾಥ ಪ್ಯಾಕೆಟ್ ಕೈಗೆ ತೆಗೆದುಕೊಂಡ. ಒಂದು ಚೂರು ಮುರಿದು ಬಾಯಿಗೆ ಹಾಕಿದ, ಅಗಿದ. ಅವನ ಮುಖ ಕಪ್ಪಿಟ್ಟಿತು. ಎದ್ದು ಬಂದು ಹೊಡೆದ ಏಟಿಗೆ ಸರಸಳ ತಲೆ ಚಪ್ಪರದ ಕಂಬಕ್ಕೆ ಬಡಿಯಿತು. ಬಾಯೊಳಗೆ ಹಲ್ಲು ಅಲುಗಿತು, ರಕ್ತ ತುಂಬಿತು.

* * *

ಹಿಂದಿನ ವರ್ಷದ ದೀಪಾವಳಿಗೆ ಸರಸ ಮಗಳನ್ನು ಕಾವಲಿಯ ಮುಂದೆ ಕೂರಿಸಿದ್ದಳು. ಒಂದು ಹರಿಯಿತು, ಎರಡು ಹರಿಯಿತು. ಮೂರನೆಯದು ಹರಿದಾಗ ಅವಳು ಯೋಚಿಸಲಿಲ್ಲ, ಕೈ ತಾನಾಗಿ ಸಟ್ಟುಗ ಎತ್ತಿತು. ಬರೆ ಹುಡುಗಿಯ ಮೀನಖಂಡಕ್ಕೆ ಬಿತ್ತು. ಚೀರುತ್ತ ಬಾಗಿಲಿಗೆ ಓಡಿದವಳ ಜಡೆ ಹಿಡಿದೆಳೆದು ಸರಸ ಇನ್ನೊಂದಕ್ಕೆ ಕೈಯೆತ್ತಿದಳು.

ಕೈ ಕೆಳಗೆ ಬರಲಿಲ್ಲ. ಹಿಂದಿನಿಂದ ಅಮ್ಮಣ್ಣಿ ಕಾದ ಅಲಗನ್ನೇ ಬರಿಗೈಯಲ್ಲಿ ಹಿಡಿದಿದ್ದಳು. ಸರಸ ಎಳೆದಳು, ಮುದುಕಿ ಬಿಡಲಿಲ್ಲ. ಅಂಗೈ ಚುರ್ ಎಂದಿತು. ಇಬ್ಬರೂ ಎಳೆದಾಡುತ್ತ ಕಾವಲಿಗೆ ತಾಗಿ, ಹಿಟ್ಟಿನ ಪಾತ್ರೆ ಉರುಳಿ ಒಲೆ ನಂದಿತು.

"ಬಿಡ್," ಎಂದಳು ಅಮ್ಮಣ್ಣಿ. "ನಾಳಿಂದ ಅಂಗ್ಡಿ ರೊಟ್ಟಿ ಸಾಕ್."

ಆಮೇಲೆ ಬಾಗಿ ಪೇಟೆಗೆ ಹೋದಾಗಲೆಲ್ಲ ಬುಟ್ಟಿಯಲ್ಲಿ ಹರಿವೆಸೊಪ್ಪಿನ ಅಡಿ ಪ್ಯಾಕೆಟ್ ಬಚ್ಚಿಟ್ಟು ತರುತ್ತಿದ್ದಳು. ಅಂಗಡಿಯ ತಿಂಡಿಯನ್ನು ಹೊಸ್ತಿಲು ದಾಟಿಸದಿದ್ದ ಅಮ್ಮಣ್ಣಿ ತಾನೇ ಅದನ್ನು ಬಿಸಿ ಕಾವಲಿಗೆ ತೋರಿಸಿ, ಬಟ್ಟೆ ಸುತ್ತಿದ ಕೈಯಲ್ಲಿ ಮಗನಿಗೆ ಬಡಿಸುತ್ತಿದ್ದಳು. ಅವನು ಬೆರಳು ಚೀಪಿ ಇನ್ನೆರಡು ಕೇಳುತ್ತಿದ್ದ.

* * *

ಸರಸ ರಕ್ತ ಉಗುಳಿದಳು. "ತರ್ಸದ್ ನಿಮ್ಮಬ್ಬಿಯೇ. ಒಂದ್ ವರ್ಷ ನೀವ್ ತಿಂದದ್ ಇದನ್ನೇ."

ನೆಂಟರಲ್ಲಿ ಯಾರೋ ನಕ್ಕು ತಕ್ಷಣ ನುಂಗಿಕೊಂಡರು. ಉಮಾನಾಥ ಚಿತೆಗೆ ಸೀಳಿ ಮಿಕ್ಕಿದ್ದ ಮಾವಿನ ಕಟ್ಟಿಗೆಯೊಂದನ್ನು ಕೈಗೆತ್ತಿಕೊಂಡ. ಸರಸ ಹಿಂದೆ ಸರಿಯಲಿಲ್ಲ.

"ಅವ್ರ ಅಂಗೈ ಎಂತಕೆ ಸುಟ್ಟದ್ ಅಂತ ಒಂದಿನ ಕೇಂಡಿದ್ರ್ಯಾ?"

ಕಟ್ಟಿಗೆ ಮೇಲೆದ್ದಿತು. ಅದನ್ನು ಹಿಂದಿನಿಂದ ಹಿಡಿದವಳು ಗಿರಿಜಾ. ಅವನು ಕೊಸರಿದಾಗ ಅವಳೂ ಜೊತೆಗೇ ಮುಗ್ಗರಿಸಿ ಮೊಣಕಾಲೂರಿದಳು, ಆದರೆ ಹಿಡಿ ಸಡಿಲಿಸಲಿಲ್ಲ.

"ಸಾಕ್ ಅಣ್ಣ," ಎಂದಳು. "ನನ್ ಬೆನ್ನಗೂ ಬರೆ ಇತ್ತ್, ಅಬ್ಬಿ ಹಾಕದ್."

ಉಮಾನಾಥ ತಂಗಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಕಟ್ಟಿಗೆ ಬಿಸಾಡಿ ಡಬ್ಬಿಗೆ ಒದ್ದ. ಪ್ಯಾಕೆಟ್ ಒಡೆದು ರೊಟ್ಟಿ ಅಂಗಳದ ತುಂಬ ಪುಡಿಪುಡಿಯಾಗಿ ಚೆಲ್ಲಿತು. ಅದನ್ನೇ ತುಳಿದುಕೊಂಡು ಅವನು ಗದ್ದೆಯ ಕಡೆ ನಡೆದುಹೋದ. ನೆಂಟರು ತಲೆ ತಗ್ಗಿಸಿ ಗಂಜಿ ಮುಗಿಸಿದರು, ಒಬ್ಬೊಬ್ಬರಾಗಿ ಎದ್ದರು. ಬೊಜ್ಜಕ್ಕೂ ಅಂಗಡಿಯದ್ದೇ ತರುವುದು, ಹುಡುಗಿ ಕಾವಲಿಯ ಮುಂದೆ ಕೂರುವುದಿಲ್ಲ ಎಂದು ಸರಸ ನಾದಿನಿಗೆ ಹೇಳಿದಳು. ಗಿರಿಜಾ ಮಂಡಿಯ ಮಣ್ಣು ಒರೆಸಿಕೊಳ್ಳುತ್ತ ಹೂಂ ಎಂದಳು.

ಚಪ್ಪರ ಖಾಲಿಯಾದ ಮೇಲೆ ಹರಿಣಾಕ್ಷಿ ಮೆಟ್ಟಿಲ ಮರೆಯಿಂದ ಹೊರಗೆ ಬಂದಳು. ಯಾರೂ ಹೇಳದೆ, ಕುಕ್ಕರುಗಾಲಲ್ಲಿ ಕೂತು ರೊಟ್ಟಿಯ ಚೂರುಗಳನ್ನು ಲಂಗದ ಮಡಿಲಿಗೆ ಆಯತೊಡಗಿದಳು. ಒಂದು ಚೂರು ಅವಳ ಕೂದಲಿಗೆ ಸಿಕ್ಕಿಕೊಂಡಿತ್ತು. ಸರಸ ತುಟಿಯ ರಕ್ತವನ್ನು ಸೆರಗಿನಲ್ಲಿ ಒತ್ತಿಕೊಂಡು ಪಕ್ಕದಲ್ಲಿ ಕೂತಳು. ಅದನ್ನು ತೆಗೆಯಲು ಕೈ ಚಾಚಿದಳು.

ಹುಡುಗಿಯ ಮೊಣಕೈ ಥಟ್ಟನೆ ಮೇಲೆದ್ದು ಮುಖಕ್ಕೆ ಅಡ್ಡವಾಯಿತು. ಕಣ್ಣು ಬಿಗಿಯಾಗಿ ಮುಚ್ಚಿತ್ತು.

ಸರಸಳ ಕೈ ಮುಂದೆ ಹೋಗಲಿಲ್ಲ, ಹಿಂದೆ ಬರಲೂ ಇಲ್ಲ. ಮಗಳ ಮೊಣಕೈ ಇಳಿಯಲೆಂದು ಅವಳು ಹಾಗೇ, ಅಂಗೈ ತೆರೆದುಕೊಂಡು, ಕೂತಳು.