ತೂಬಿನ ಬಾಗಿಲು

೧೭೫೫ರ ಅಕ್ಟೋಬರ್. ಫ್ರಾನ್ಸಿನ ಮೇಲೆ ಕತ್ತಿ ಮಸೆಯುತ್ತಿದ್ದ ಇಂಗ್ಲಿಷರು ಉತ್ತರ ಅಮೆರಿಕದ ಅಕಾಡಿಯಾದಲ್ಲಿ ನೆಲೆಸಿದ್ದ ಫ್ರೆಂಚ್ ರೈತರನ್ನು ಹಡಗಿಗೆ ತುಂಬಿ ನಾಡು ಬಿಡಿಸುತ್ತಿದ್ದರು. ದಡದಲ್ಲಿ ಸರದಿ ಕಾಯುತ್ತಿದ್ದ ಇಸಿದೋರ್ ನಿಂತಲ್ಲಿ ನಿಲ್ಲಲಾರದೆ ತಮ್ಮ ಹೊಲಕ್ಕೆ ಸಮುದ್ರ ನುಗ್ಗದಂತೆ ಕಟ್ಟಿದ ಒಡ್ಡಿನ ಕಡೆಗೆ ಕಿವಿಗೊಟ್ಟಿದ್ದ. ಉಬ್ಬರ ಏರುತ್ತಿತ್ತು. ಒಡ್ಡಿನಡಿಯ ತೂಬಿನ ಮರದ ಬಾಗಿಲು ಸಮುದ್ರದ ಒತ್ತಡಕ್ಕೆ ಇಷ್ಟು ಹೊತ್ತಿಗೆ ದಡ್ಡೆಂದು ಮುಚ್ಚಿಕೊಳ್ಳಬೇಕಿತ್ತು.

"ಅವ್ವಾ, ಬಾಗಿಲು ಬಿದ್ದಿದ್ದು ಕೇಳಿಸ್ತಾ?"

"ಹೆಂಗೆ ಕೇಳಿಸುತ್ತೆ? ಬೆಳಿಗ್ಗೆ ನಾನೇ ಅದು ಮುಚ್ಚದ ಹಂಗೆ ದಿಮ್ಮಿ ಸಿಗಿಸಿ ಬಂದೆ," ಎಂದಳು ತಾಯಿ ಓಸಿತ್. "ಉಪ್ಪುನೀರು ನುಗ್ಲಿ. ಮೂರು ವರ್ಷ ಗೋಧಿ ಹುಟ್ಟಲ್ಲ. ಇಂಗ್ಲಿಷರು ಉಪ್ಪು ನೆಕ್ಕಲಿ."

"ಅಪ್ಪ ಸಮುದ್ರದಿಂದ ಬಿಡಿಸ್ಕೊಂಡ ಹೊಲ ಕಣವ್ವಾ!"

"ಅದಕ್ಕೇ ಅವರಿಗೆ ಕೊಡಲ್ಲ."

ಇಸಿದೋರ್ ಒಡ್ಡಿನತ್ತ ಹೊರಟ. ಕಾವಲಿನ ಸಿಪಾಯಿ ಬಂದೂಕು ಅಡ್ಡ ಹಿಡಿದ.

ಓಸಿತ್ ಗಂಟಿನ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಹೊಲದ ಅಂಚಿನಲ್ಲಿ ನೀರು ಮಿನುಗತೊಡಗಿತು. ಅವಳು ಗಂಟನ್ನು ಮಗನ ಕೈಗೆ ತುರುಕಿ ನೇರ ಸಿಪಾಯಿಯ ಎದುರು ನಡೆದಳು.

"ಸರಿಯೋ ಆಚೆ! ಮೀಸೆ ಚಿಗುರಿಲ್ಲ, ಬಂದೂಕು ಬೇರೆ!"

ಮಾತು ಅರ್ಥವಾಗದಿದ್ದರೂ ಅವನು ಮುದುಕಿಗೆ ದಾರಿ ಬಿಟ್ಟ. ಅವಳು ಮಂಡಿಯುದ್ದ ಕೆಸರಿಗಿಳಿದು ಎರಡೂ ಕೈಯಿಂದ ದಿಮ್ಮಿ ಎಳೆದಳು. ಬಾಗಿಲು ದಡ್ಡೆಂದಿತು.

"ಇನ್ನು ಅವರೇ ಉಣ್ತಾರಲ್ಲವ್ವಾ," ಎಂದ ಇಸಿದೋರ್, ಅವಳು ಮರಳಿದಾಗ.

"ಉಣ್ಲಿ, ಹಾಳಾಗ್ಹೋಗ್ಲಿ. ನನ್ನ ಕೈಲಿ ನೋಡಕ್ಕಾಗ್ಲಿಲ್ಲ."

ಕೆಸರು ಸೋರುವ ಲಂಗದಲ್ಲೇ ಅವಳು ಹಡಗಿಗೆ ಒಯ್ಯುವ ದೋಣಿ ಹತ್ತಿ, ಒಡ್ಡಿಗೆ ಬೆನ್ನು ಹಾಕಿ ಕೂತಳು.